ಹಬ್ಬದ ಬಳ್ಳಿ

ಗೋಡೆ ಮುಚ್ಚಲು ಏನಾದರೂ ಬೇಕೆಂದು ಬಂದೆಯಲ್ಲ, ಕೈಸಾ,
ಹಾಗಾದರೆ ಹಾದಿ ತಪ್ಪಿದ್ದೀ.
ಗೋಡೆಗೆ ಬೇಕಾದ್ದು ಸುಣ್ಣ. ಹೋಗಿ ಬಳಿ.
ನನ್ನಲ್ಲಿರುವ ಕ್ಲೆಮ್ಯಾಟಿಸ್ ಹತ್ತುವ ಜಾತಿಯದಲ್ಲ.
ಹಬ್ಬದ ಬಳ್ಳಿ ಇದು.
ಎಲೆತೊಟ್ಟಿಗೆ ಹಿಡಿತವಿಲ್ಲ, ಯಾರ ಕೊರಳಿಗೂ ಜೋತುಬೀಳುವುದಿಲ್ಲ,
ಸೊಂಟದೆತ್ತರ ಬಂದು, ಸುತ್ತ ನೋಡಿ,
ಸಾಕು ಅನ್ನುತ್ತದೆ.

ಒಳಗೆ ಬಾ. ಗೇಟು ಎತ್ತಿ ತಳ್ಳಬೇಕು. ಹಾಂ, ಹಾಗೆ.
ಈ ಸಾರೆಮಾ ದ್ವೀಪದಲ್ಲಿ ಹತ್ತುವ ಬಳ್ಳಿಗಳ ಪಾಡು ಕಂಡವಳು ನಾನು.
ಚಿಕ್ಕಮ್ಮ ಆರ್ಮಿಲ್ಡೆ ನೇರಳೆ ಹೂವಿನದೊಂದನ್ನು
ಮಾಡಿನವರೆಗೂ ಹಬ್ಬಿಸಿದ್ದಳು, ಹನ್ನೊಂದು ವರ್ಷ.
ಒಂದೇ ಒಂದು ಅಕ್ಟೋಬರ್ ರಾತ್ರಿ, ಪಡುಗಾಳಿ.
ಬೆಳಗ್ಗೆ ನೋಡಿದರೆ ಒದ್ದೆ ಬಲೆಯ ಹಾಗೆ
ಬಾವಿಕಟ್ಟೆಯ ಮೇಲೆ ಬಿದ್ದಿತ್ತು, ಚೌಕಟ್ಟಿನ ಸಮೇತ.
ಪೊದೆಯವು ಅಲುಗಿದವು, ಅಷ್ಟೆ.
ಬಿದ್ದರೂ ಎಷ್ಟು ದೂರ ಬಿದ್ದಾವು?

ಮೊದಲು ನಾನು ಕೇಳಿದ್ದಕ್ಕೆ ಹೇಳು.
ನಿನ್ನ ನಾಯಿ ಎಲ್ಲಿ ಮಲಗುತ್ತದೆ?
ನೀನು ಅಂಗಳಕ್ಕೆ ಬರುವುದು ಬೆಳಗಿನ ಕಾಫಿಗೋ,
ಸೌನಾದಿಂದ ಬೆವರಿ ಹೊರಬಿದ್ದ ಹೊತ್ತಿಗೋ?
ಸಂಜೆಯಾದರೆ ಈ ಬಿಳಿಯದನ್ನು ತಗೋ,
ಚೆಲ್ಲಿದ ರವೆಯಂಥ ಪುಟ್ಟ ಪುಟ್ಟ ಹೂವು,
ಕತ್ತಲಾಗದ ರಾತ್ರಿಯೆಲ್ಲ ಬಾದಾಮಿಯ ಕಂಪು.
ಕತ್ತರಿಸುವಾಗ ಮಾತ್ರ ತೋಳು ಮುಚ್ಚಿಕೋ, ಅದರ ರಸ ಕೆಟ್ಟದ್ದು.
ನಮ್ಮ ಏಂಡೆಲ್ ತನ್ನದು ಗಟ್ಟಿ ಚರ್ಮವೆಂದು ಬರಿಗೈಯಲ್ಲಿ ಹೋಗಿ
ಮೊಣಕೈವರೆಗೆ ತಣ್ಣೀರು ಬಟ್ಟೆ ಸುತ್ತಿಕೊಂಡು
ವಾರವಿಡೀ ದೋಣಿಮನೆಯಲ್ಲಿ ಅಡಗಿ ಕೂತಿದ್ದ.

ಆ ಅಗಲ ಎಲೆಯ ಒರಟನನ್ನು ನೋಡಿದೆಯಾ?
ಊರೆಲ್ಲ ಆಲೂಗಡ್ಡೆ ಅಗೆಯುವಾಗ ಅರಳುತ್ತಾನೆ,
ಊಟ ಮುಗಿದ ಮೇಲೆ ಬಂದ ನೆಂಟ,
ಆದರೆ ಬರಿಗೈಯಲ್ಲಿ ಬರುವವನಲ್ಲ.
ಇದು ನೀಲಿ ಗಂಟೆ. ತಲೆ ತಗ್ಗಿಸಿದೆ,
ನಾಚಿಕೆ ಅಂದುಕೊಳ್ಳಬೇಡ, ಒಳಗೆ ಮಳೆ ಬೀಳದಿರಲಿ ಅಂತ.
ಹೂವುದುರಿದ ಮೇಲೆ ಬೀಜಕ್ಕೆ ಬೆಳ್ಳಿಬಾಲ ಬರುತ್ತದೆ.
ಚಿವುಟಬೇಡ. ಮೊದಲ ಇಬ್ಬನಿ ಅಲ್ಲಿ ಕೂತದ್ದನ್ನು ನೋಡು,
ಆಮೇಲೆ ನಿನ್ನಿಷ್ಟ.

ಬೀಜದಿಂದ ಎಬ್ಬಿಸಿದರೆ ತಾಯಿಯ ಹಾಗೆ ಒಂದೂ ಬರುವುದಿಲ್ಲ.
ಒಮ್ಮೆ ನಲವತ್ತಮೂರು ಸಸಿ ಎದ್ದವು. ಮೂರು ವರ್ಷ ಕಾದೆ.
ಎರಡನ್ನು ಉಳಿಸಿ ಹೆಸರಿಟ್ಟೆ, ಹಲಗೆ ಬರೆದೆ.
ಮಿಕ್ಕವನ್ನು ಕಿತ್ತು ಗೊಬ್ಬರದ ರಾಶಿಗೆ ಎಸೆದೆ.
ಹೆಸರಿಟ್ಟ ಒಂದಕ್ಕೆ ಬೂದಿರೋಗ ಬಡಿಯಿತು,
ಇನ್ನೊಂದನ್ನು ಕೊಂಡವರು ಮರಳಿ ತಂದರು,
ಇದೇನು ಗುಲಾಬಿ ಬಣ್ಣ, ಒಗೆದೊಗೆದು ಬಿಳಿಚಿದ ಲಂಗ ಅಂದರು.

ಮುಂದಿನ ಜೂನು, ಸಂತ ಯೋಹಾನನ ರಾತ್ರಿಯ ಬೆಂಕಿಗೆಂದು
ಜುನಿಪರ್ ಕಡ್ಡಿ ಆಯುತ್ತ ಹಿತ್ತಿಲ ಕೊನೆಗೆ ಹೋದೆವು.
ಗೊಬ್ಬರದ ರಾಶಿಯ ಮಗ್ಗುಲಲ್ಲಿ ಅದು ನಿಂತಿತ್ತು,
ಮಂಜು ಕವಿದ ಕಡಲಿನ ಬಣ್ಣ,
ಎಪ್ಪತ್ತೋ ಎಂಬತ್ತೋ ಗಂಟೆ, ಒಂದರಲ್ಲೂ ಸದ್ದಿಲ್ಲ.
ಏಂಡೆಲ್ ಆಗ ಇದ್ದ.
ಟೋಪಿ ತೆಗೆದ.
ನನ್ನ ಮುಖ ನೋಡಲಿಲ್ಲ, ಒಳ್ಳೆಯ ಮನುಷ್ಯ.
ಹಬ್ಬದ ಬಳ್ಳಿಗೂ ಹಬ್ಬ ಉಂಟೆಂದು
ಆವತ್ತು ತಿಳಿಯಿತು ನನಗೆ.

ಅದರದೇ ಬೇರು ಸೀಳಿದ್ದು ಇದು.
ಹೆಸರಿಟ್ಟಿಲ್ಲ. ಯಾವ ಮುಖ ಇಟ್ಟುಕೊಂಡು ಇಡಲಿ?
ನಿನ್ನ ಅಂಗಳ ಸುಣ್ಣಕಲ್ಲಿನದು, ಇದಕ್ಕೆ ಹಿಡಿಸುತ್ತದೆ.
ನಾಲ್ಕು ಬೆರಳು ಆಳಕ್ಕೆ ಹೂಳು, ಬುಡ ತಂಪಾಗಿರಲಿ.
ಗುಲಾಬಿಯ ಪಕ್ಕ ನೆಟ್ಟರೆ ಒರಗುತ್ತದೆ, ಭಾರ ಹಾಕುವುದಿಲ್ಲ.
ಏಪ್ರಿಲಿನಲ್ಲಿ ನೆಲಮಟ್ಟಕ್ಕೆ ಕತ್ತರಿಸು, ಕನಿಕರ ಬೇಡ,
ಮಣ್ಣೊಳಗೆ ಅದಕ್ಕೆ ಎಲ್ಲ ನೆನಪಿರುತ್ತದೆ.
ಎರಡು ವರ್ಷ ಏನೂ ಕಾಣಿಸದು. ಮೂರನೆಯ ವರ್ಷವೂ ಕಾಣದಿದ್ದರೆ
ಬಂದು ಬಯ್ಯಿ, ಇದ್ದರೆ ಕೇಳಿಸಿಕೊಳ್ಳುತ್ತೇನೆ.

ಆರು ಯೂರೋ.
ಕುಂಡ ಮಾತ್ರ ತೊಳೆದು ತಂದುಕೊಡು.