ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕೆಂದಳಂತೆ.
ನಗಬೇಡಿ. ಆ ಮಾತನ್ನು ನಾನು
ರಸಮಟ್ಟ ಇಟ್ಟು ಪರೀಕ್ಷಿಸಿದ್ದೇನೆ.
ಕುಹ್ಮೊದ ಶಾಲೆಯ ವ್ಯಾಯಾಮದ ಕೋಣೆಯಲ್ಲಿ
ಗುಳ್ಳೆ ಎಡಕ್ಕೆ ಓಡಿತು,
ಅಗ್ನಿಶಾಮಕದವರ ಗ್ಯಾರೇಜಿನಲ್ಲಿ ಬಲಕ್ಕೆ.
ಯಾರೋ ಏನೋ, ಪಾಪ,
ಅವಳು ಹೇಳಿದ್ದರಲ್ಲಿ ಅರ್ಧ ನಿಜವಿತ್ತು.

ಸರೋವರದ ದಂಡೆಯಲ್ಲಿದ್ದ ಕುಣಿತದ ಮಂಟಪ
ಹಿಮದ ಭಾರಕ್ಕೆ ಕುಸಿದು ಮೂರು ಚಳಿಗಾಲ.
ಸಮಿತಿಯ ಬಳಿ ಹಣವಿಲ್ಲ, ಒಂದು ವ್ಯಾನಿದೆ.
‘ವ್ಯಾನಿಗೆ ಹಿಡಿಸುವಷ್ಟು ನೆಲ ಮಾಡಿಕೊಡು,
ದೀಪವೂ ಅದರಲ್ಲೇ ಇರಲಿ’ ಎಂದರು,
ರೊಟ್ಟಿ ತಟ್ಟಿಕೊಡು ಅನ್ನುವ ಹಾಗೆ.

ನಲವತ್ತೆಂಟು ತುಂಡು, ಬರ್ಚ್ ಮರದ ಪ್ಲೈವುಡ್ಡು.
ಮೊದಲನೆಯದು ಹದಿನಾಲ್ಕು ಕಿಲೋ ತೂಗಿತು.
ಎತ್ತಿ ಇಳಿಸುವವರ ಸರಾಸರಿ ವಯಸ್ಸು ಅರವತ್ತಾರು.
ಬೆನ್ನಿಂದ ಟೊಳ್ಳು ಕೊರೆದೆ, ಮತ್ತೆ ಕೊರೆದೆ.
ಒಂಬತ್ತಕ್ಕೆ ಬಂದಾಗ ರೈಲಿ ಒಂದನ್ನು
ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು,
ಇನ್ನೊಂದು ಕೈಯಲ್ಲಿ ಕಾಫಿ.

ಮೇಲೆ ಗಾಜು, ಒಳಗೆ ತುಂಬ ಬೆಳಕು: ಅದು ನನ್ನ ಮೊದಲ ಹೆಮ್ಮೆ.
ಅಕಾರ್ಡಿಯನ್ನಿನ ಔಲಿಸ್ ನೋಡಿ
‘ವಿಮಾನ ಎಷ್ಟು ಗಂಟೆಗೆ ಇಳಿಯುತ್ತದೆ?’ ಎಂದ.
ಆ ವಾರ ಅವನು ಆಡಿದ ಮಾತು ಅದೊಂದೇ.
ಕೆಳಗಿನಿಂದ ಬೆಳಕು ಬಿದ್ದರೆ
ಯಾರ ಮುಖವೂ ಅವರದಾಗಿ ಉಳಿಯುವುದಿಲ್ಲ.
ಮೂವತ್ತು ವರ್ಷ ಜೋಡಿಯಾಗಿ ಕುಣಿದ
ಕೈಸು ಮತ್ತು ಉರ್ಹೊ
ಪರಸ್ಪರರ ಮೂಗಿನ ಹೊಳ್ಳೆ ನೋಡಿ ಬೆಚ್ಚಿ
ಕ್ಷಮಿಸಿ ಎಂದುಕೊಂಡರು.

ನನ್ನ ತಲೆನೋವು ಬೇರೆಯಿತ್ತು, ಸಂದು.
ತುಂಡಿಗೆ ತುಂಡು ಸೇರುವ ಕಡೆ ಎಳೆಯಷ್ಟು ಬಿರುಕು.
ಉಜ್ಜಿದೆ, ರಬ್ಬರು ತುಂಬಿದೆ, ಬೈದೆ.
ಒಂದು ಸಂಜೆ ದೀಪ ಆರಿಸಿ ಬಾಗಿಲಿಗೆ ಬಂದವಳು
ತಿರುಗಿ ನೋಡಿದರೆ, ಆರಿಸಲು ಮರೆತ ಒಂದು ಪಟ್ಟಿ
ಗಾಜಿಲ್ಲದ ಎರಡು ಹಲಗೆಯ ನಡುವೆ
ಜೇನು ಒಸರಿದ ಹಾಗೆ ಉರಿಯುತ್ತಿತ್ತು.
ಕೋಟು ಬಿಚ್ಚಿ ಮತ್ತೆ ಕೂತೆ.
ಗಾಜನ್ನೆಲ್ಲ ತೆಗೆದೆ. ನೆಲ ಕತ್ತಲಾಗಿರಲಿ.
ಕುಣಿಯುವವರಿಗೆ ಕಾಲು ಕಾಣುವುದು ಬೇಡ,
ಅಂಚು ಎಲ್ಲಿದೆ ಎಂದು ಗೊತ್ತಾದರೆ ಸಾಕು.

ಬೂಟಿನ ಹಿಮ ಕರಗಿ ನೀರು ಇಳಿದೀತೆಂದು
ಒದ್ದೆ ಉಣ್ಣೆ ಕಾಲುಚೀಲದಲ್ಲಿ ನಾನೇ ನಿಂತೆ.
ಇಪ್ಪತ್ನಾಲ್ಕು ವೋಲ್ಟು. ಕಚಗುಳಿಯೂ ಆಗಲಿಲ್ಲ.

ನವೆಂಬರಿನ ಮಧ್ಯಾಹ್ನ, ನಾಲ್ಕಕ್ಕೇ ಕಗ್ಗತ್ತಲು.
ಬೆಂಕಿಯ ಬಂಡಿಯನ್ನು ಹಿಮದಲ್ಲಿ ಹೊರಗೆ ನಿಲ್ಲಿಸಿ
ಅದರ ಜಾಗದಲ್ಲಿ ನೆಲ ಹಾಸಿದೆವು.
ನೂರ ತೊಂಬತ್ತೆರಡು ತಿರುಪು ತಿರುಗಿಸಿ ಎದ್ದಾಗ
ಗುಳ್ಳೆ ನಟ್ಟನಡುವೆ, ಅಲುಗದೆ.
ಔಲಿಸ್ ಟ್ಯಾಂಗೊ ಎತ್ತಿದ, ಎಂದಿನ ಅಳು ರಾಗದ್ದು.
ಜೇನಿನ ಗೆರೆಗಳ ಮೇಲೆ ಜೋಡಿಗಳು ಜಾರಿದವು.

ಎನ್ಸಿಯೋ ಮಾತ್ರ ಗೋಡೆಗೆ.
ಶಾಲೆ ಬಸ್ಸಿನ ಚಾಲಕ. ಇಪ್ಪತ್ತು ವರ್ಷದಿಂದ ಅವನದು
ಒಂದೇ ಉತ್ತರ: ‘ಬರುತ್ತಿದ್ದೆ, ನೆಲ ಓರೆ.’
ಇವತ್ತು ಮಂಡಿಯೂರಿ ರಸಮಟ್ಟ ನೋಡಿದ.
ಇನ್ನೊಂದು ಮೂಲೆಗೆ ಹೋಗಿ ಅಲ್ಲೂ ನೋಡಿದ.
ಎದ್ದು ನಿಂತವನ ಮುಖ ನೋಡಿದೆ:
ಒರಗಿಕೊಳ್ಳಲು ಇದ್ದ ಒಂದು ಗೋಡೆಯನ್ನೂ
ನಾನು ಕಿತ್ತು ವ್ಯಾನಿಗೆ ಹಾಕಿದ ಹಾಗಿತ್ತು.

ಕಾಫಿಯ ಹೊತ್ತಿಗೆ, ತಂತಿ ನೋಡುವ ನೆಪದಲ್ಲಿ
ಮೂಲೆಯ ತುಂಡಿನ ಪಕ್ಕ ಕೂತು
ಒಂದು ತಿರುಪನ್ನು ಅರ್ಧ ಸುತ್ತು ಸಡಿಲಿಸಿದೆ.

ರೈಲಿ ಅವನನ್ನು ಎಳೆದು ತಂದಳು.
ಟಕ್ ಎಂದಿತು ಹಲಗೆ.
‘ಇಲ್ಲಿ ಡೊಂಕಿದೆ’ ಎಂದ ಎನ್ಸಿಯೋ, ಎಷ್ಟು ಸಂತೋಷದಿಂದ!
‘ಇದೆ. ಗಟ್ಟಿಯಾಗಿ ಹಿಡಿದುಕೋ’ ಎಂದಳು.
ಮೂರು ಹಾಡು ಅವರು ಆ ಮೂಲೆ ಬಿಟ್ಟು ಕದಲಲಿಲ್ಲ.
ಟಕ್. ಟಕ್. ಔಲಿಸ್ ಅದಕ್ಕೇ ತಾಳ ಹೊಂದಿಸಿಕೊಂಡ.

ಹನ್ನೊಂದಕ್ಕೆ ಬಿಚ್ಚಿ ವ್ಯಾನಿಗೆ ಪೇರಿಸುವಾಗ
ಆ ತುಂಡಿನ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದೆ:
ಬಿಗಿಯಬೇಡಿ.