ನೂರರಲ್ಲಿ ಐದು

ಕೀಲಿ ಕೊಟ್ಟ ದಿನ ಅಲ್ಮೇರದಲ್ಲಿ ಅಪರೂಪಕ್ಕೆ ಬಿಸಿಲಿತ್ತು.
ನಾನು ದುಡ್ಡು ಕೊಟ್ಟು ಕರೆಸಿದ್ದ ತಪಾಸಣೆಯ ಶೌಕ್ಯೆ
ಬೂಟು ಕಳಚಿ ಒಳಗೆ ಬಂದು
ನನಗಿಂತ ಮೊದಲು ಗೋಡೆಗಳನ್ನು ಮಾತಾಡಿಸಿದಳು.
ಬೆರಳಗೆಣ್ಣಿನಿಂದ ಒಂದೊಂದೇ ಟೈಲು ತಟ್ಟಿ:
ಇದು ಗಟ್ಟಿ. ಇದು ಗಟ್ಟಿ. ಇದು ಟೊಳ್ಳು.

ಕಿಟಕಿ ಗಾಜಿನಲ್ಲಿ ಕೂದಲೆಳೆಯಷ್ಟು ಗೀರು,
ಮೂರನೆಯ ಮೆಟ್ಟಿಲಿನ ಕಿರುಗುಟ್ಟು,
ಯಾರ ಮೇಲೋ ಮುನಿಸಿಕೊಂಡ ಹಾಗೆ
ಪೂರಾ ಮುಚ್ಚದ ಕೋಣೆಯ ಬಾಗಿಲು.
ಹತ್ತೊಂಬತ್ತು ಬರೆದಳು.
ಇಪ್ಪತ್ತನೆಯದಕ್ಕೆ ಬಚ್ಚಲಿಗೆ ಹೋಗಿ
ಕಿಸೆಯಿಂದ ಗೋಲಿ ತೆಗೆದು ನೆಲದ ಮೇಲಿಟ್ಟಳು.
ಅದು ಕಂಡಿಯ ಕಡೆ ಹೋಗಲಿಲ್ಲ;
ನಿಧಾನಕ್ಕೆ, ನಿರ್ಧಾರ ಮಾಡಿದವರಂತೆ,
ಹೊಸ್ತಿಲ ಕಡೆ ಉರುಳಿತು.

"ಸಮುದ್ರಕ್ಕಿಂತ ತಗ್ಗಿನಲ್ಲಿದ್ದೀರಿ," ಅಂದಳು,
"ಇಲ್ಲಿ ಇಳಿಜಾರಿನ ಜೊತೆ ತಮಾಷೆ ಬೇಡ."

ಕಂಪನಿಯ ಹುಡುಗ ಸಹಿ ಹಾಕಿದ, ನಾನೂ ಹಾಕಿದೆ.
ನೂರರಲ್ಲಿ ಐದು ಪಾಲು ಕಟ್ಟಿದವರ ಕೈಗೆ ಹೋಗದೆ
ಮೂರು ತಿಂಗಳು ನೋಟರಿಯ ಬಳಿ ಕೂತಿರುತ್ತದೆ,
ಪಟ್ಟಿಯ ತಪ್ಪುಗಳು ತಿದ್ದುವ ತನಕ.
ನನ್ನ ಲೆಕ್ಕದಲ್ಲಿ ಅದು
ಬ್ರೆಡ್ ಕಾರ್ಖಾನೆಯ ನೂರಿಪ್ಪತ್ತು ರಾತ್ರಿ ಪಾಳಿ.
ಬಾಯಿಮಾತು ನಂಬಿ ಮನೆ ಕೊಂಡ ಅಮ್ಮನಿಗೆ
ಇಂಥದೊಂದು ಐದು ಇರಲಿಲ್ಲ;
ಅವಳ ಗೋಡೆಯ ಬೂಸ್ಟು ಹದಿನೇಳು ಚಳಿಗಾಲ
ನಮ್ಮೆಲ್ಲರ ಎದೆಯಲ್ಲಿ ಕೆಮ್ಮಿತು.
ಖಾಲಿ ಮನೆಯ ಮೊದಲ ರಾತ್ರಿ ನಾನು
ಆ ಕಾಗದ ದಿಂಬಿನಡಿ ಇಟ್ಟು
ಗಡದ್ದಾಗಿ ನಿದ್ದೆ ಮಾಡಿದೆ. ನಾಚಿಕೆಯೇನಿಲ್ಲ.

ಹನ್ನೊಂದನೆಯ ವಾರ, ಭಾನುವಾರ, ಬೆಲ್ಲು.
ಬಾಗಿಲಲ್ಲಿ ಬಕೆಟ್ಟು ಹಿಡಿದ ಒಬ್ಬಾತ.
ಹೆಸರು ಪ್ಲಾಮೆನ್, ಊರು ಬಲ್ಗೇರಿಯದ ವಿದಿನ್,
ನನ್ನ ಬಚ್ಚಲಿನ ನೆಲ ಹಾಕಿದವನು.
"ಕೂಲಿ ಕೊಟ್ಟಿಲ್ಲ. ಕೇಳಿದರೆ,
ಆ ಮನೆಯವಳ ಐದು ಬರಲಿ ಅನ್ನುತ್ತಾರೆ."

ನನ್ನ ಐದು.
ಅದರ ಮಗ್ಗುಲಲ್ಲಿ ಇವನದೂ ಒಂದು ಚೂರು ಮಲಗಿದೆಯೆಂದು
ಯಾವ ಕಲಮಿನಲ್ಲೂ ಓದಿರಲಿಲ್ಲ.

"ಮತ್ತೆ ಇಳಿಜಾರು ಯಾಕೆ ತಪ್ಪಿತು?"
ಕೇಳಿದೆ. ಕೇಳಲೇಬೇಕಿತ್ತು.
"ದಿನಕ್ಕೆ ಮೂರು ಬಚ್ಚಲು ಮುಗಿಸಬೇಕಿತ್ತು," ಅಂದ,
"ನಿಮ್ಮದು ಮೂರನೆಯದು."

ಇಡೀ ದಿನ ಒಡೆದ, ಕಿತ್ತ, ಮತ್ತೆ ಕೂರಿಸಿದ.
ಪಕ್ಕದ ಮನೆಯವರು ಗೋಡೆ ಗುದ್ದಿದರು.
ನಾನು ಬಟಾಣಿ ಸಾರು ಕುದಿಸಿದೆ, ಎರಡು ತಟ್ಟೆ.
ಸಂಜೆ ಮಂಡಿಯೂರಿಕೊಂಡೇ ಕೇಳಿದ: "ಗೋಲಿ ಇದೆಯಾ?"
ಇರಲಿಲ್ಲ. ಪೊಟ್ಟಣದಿಂದ ಒಂದು ಒಣ ಬಟಾಣಿ ಕೊಟ್ಟೆ.
ಬಿಟ್ಟ.
ಉರುಳಿತು, ಅಳುಕಿತು, ಮತ್ತೆ ಉರುಳಿ
ಕಂಡಿಯೊಳಗೆ ಟಕ್ ಎಂದು ಬಿತ್ತು.
ಇಬ್ಬರೂ ಅದನ್ನೇ ನೋಡುತ್ತಿದ್ದೆವು,
ಯಾರೋ ಮನೆ ಸೇರಿದ ಹಾಗೆ.

ನೋಟರಿಗೆ ಫೋನು ಮಾಡಿದೆ:
ಬಿಡಿಸಿದರೆ ಹಣ ಅವನಿಗೆ ತಲುಪುತ್ತದೆಯೇ?
"ಕಂಪನಿಗೆ ತಲುಪುತ್ತದೆ," ಅಂದರು, ಸೌಜನ್ಯದಿಂದ.
"ಆಮೇಲಿನದು ನಮ್ಮ ಕಡತದಲ್ಲಿಲ್ಲ."

ಗಡುವಿಗೆ ಇನ್ನೆರಡು ದಿನ.
ಸಹಿಯಿಲ್ಲದ ಕಾಗದ ಮೇಜಿನ ಮೇಲೆ,
ಅದರ ಮೇಲೆ ಅವನ ಫೋನ್ ನಂಬರಿನ ಚೀಟಿ.
ಕೋಣೆಯ ಬಾಗಿಲು ಇನ್ನೂ ಮುಚ್ಚಿಲ್ಲ.
ಬಚ್ಚಲ ಕಂಡಿಯಲ್ಲಿ ಬಟಾಣಿ ನೆನೆಯುತ್ತಿದೆ;
ಶೌಕ್ಯೆ ಕಂಡರೆ ಬರೆಯುತ್ತಾಳೆ:
ಇಪ್ಪತ್ತೊಂದು. ಮೊಳಕೆ.