ಹರಳುಗಟ್ಟಲು ಬೇಕಾದ ಹೊತ್ತು

ಬೈತಖೋಲದ ಕಡಲಂಚಿಗೆ ಹನ್ನೊಂದು ಮಂದಿ,
ಮೂರು ಸುತ್ತಿಗೆ, ಒಂದೇ ಭೂತಗನ್ನಡಿ;
ಭರತ ಏರುವ ಮುಂಚೆ ಪಾಠ ಮುಗಿಯಬೇಕು.
ಅತಿಥಿ ಉಪನ್ಯಾಸಕ ನಾನು, ಗಂಟೆ ಲೆಕ್ಕದವನು.
ಹಲಗೆಯಿಲ್ಲದ್ದಕ್ಕೆ ಒದ್ದೆ ಮರಳಿನ ಮೇಲೆ
ಗೆರೆಯೊಂದನ್ನೆಳೆದು ಎರಡು ಕಾಲಂ ಮಾಡಿದೆ.

ಎಡಕ್ಕೆ, ಒಳಗೇ ತಣಿದದ್ದು.
ಬಲಕ್ಕೆ, ಹೊರಬಿದ್ದು ತಣಿದದ್ದು.
ಅಂತಸ್ಸರಣ, ಬಹಿಸ್ಸರಣ ಎಂಬ ಪುಸ್ತಕದ ಹೆಸರು
ಆ ಗಾಳಿಗೆ ಯಾರ ಕಿವಿಗೂ ಬೀಳಲಿಲ್ಲ.

ಎಡಗೈಯಲ್ಲಿ ಇಲ್ಲಿಯದೇ ಗ್ರಾನೈಟು:
ಬೆಣಚು, ಮಾಸಲು ಫೆಲ್ಡ್‌ಸ್ಪಾರು, ಚೂರುಪಾರು ಕಾಗೆಬಂಗಾರ,
ಬರಿಗಣ್ಣಿಗೇ ಬಿಡಿಬಿಡಿ.
ಮೈಲಿ ಆಳದಲ್ಲಿ ನೆಲವನ್ನೇ ಹೊದ್ದು ಮಲಗಿದ ಪಾಕ ಇದು,
ಒಂದು ಡಿಗ್ರಿ ಇಳಿಯಲು ಸಾವಿರಾರು ವರ್ಷ.
ಒಂದೊಂದು ಕಾಳಿಗೂ ತನ್ನ ಬಳಗ ಹುಡುಕಿಕೊಳ್ಳಲು ಪುರಸೊತ್ತಿತ್ತು.

ಬಲಗೈಯಲ್ಲಿ ಬೆಳಗಾವಿ ಕಡೆಯಿಂದ
ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದ ಬಸಾಲ್ಟು:
ಕಪ್ಪು, ಒಂದೇ ಮೈ, ಕಾಳೆಂಬುದು ಕಣ್ಣಿಗೆ ಸಿಗದು.
ನೆಲ ಬಾಯ್ಬಿಟ್ಟಲ್ಲಿ ಉಕ್ಕಿತು, ಗಾಳಿ ತಗುಲಿತು,
ಇದ್ದ ಹಾಗೇ ಗಟ್ಟಿ.
ಮೈಮೇಲಿನ ಸಣ್ಣ ತೂತುಗಳು
ಉಸಿರು ಸಿಕ್ಕಿಕೊಂಡ ಜಾಗ.

"ಎರಡೂ ಒಂದೇ ಪಾಕವಾ ಸರ್?" ಕೇಳಿದ ರೋಹಿದಾಸ ತಾಂಡೇಲ.
ಅಲ್ಲ ಮಾರಾಯ, ಪಾಕವೂ ಬೇರೆ,
ಅದು ಮುಂದಿನ ಅಧ್ಯಾಯ. ಇವತ್ತು ತಣಿದ ಬಗೆ ಮಾತ್ರ.

ಆಗ ಸುಗಂಧಾ ಆಗೇರ, ಸಾಣಿಕಟ್ಟೆಯವಳು,
ವರ್ಷವಿಡೀ ಹಿಂದಿನ ಬೆಂಚು ಬಿಟ್ಟೇಳದವಳು:
"ನಮ್ಮ ಆಗರದಲ್ಲೂ ಹೀಂಗೇಯ ಸರ್.
ಬಿಸಿಲು ಕಾದು ಗಾಳಿ ಹೊಡೆದ ದಿನ ಉಪ್ಪು ಪುಡಿಪುಡಿ.
ಅವ್ವಿ ಕಲಕದೆ ಬಿಟ್ಟ ಮೂಲೆಯಲ್ಲಿ
ಜೋಳದ ಕಾಳಿನಷ್ಟು ಹರಳು.
ಅದನ್ನ ಮಾರೂದಿಲ್ಲ, ನಂಗೆ ಆಡೂಕೆ ಕೊಡ್ತಿತ್ತು."

ನಾನು ತಂದ ಚಾರ್ಟನ್ನು ಹಾಗೇ ಸುತ್ತಿಟ್ಟೆ.

ಅಷ್ಟರಲ್ಲಿ ಅವಳು ಬಂಡೆ ಹತ್ತಿ ಕುಕ್ಕುರುಗಾಲಲ್ಲಿ ಕೂತು,
"ಇದು ಯಾವ ಕಾಲಂ ಸರ್?"
ಬೂದು ಗ್ರಾನೈಟನ್ನು ಸೀಳಿ ಕಡಲಿಗಿಳಿದ ಕರಿಪಟ್ಟಿ,
ಎರಡು ಗೇಣು ಅಗಲ.
ಹಳೆಯ ಕಲ್ಲು ಬಿರಿದಾಗ ನಡುವೆ ನುಗ್ಗಿದ್ದು,
ಹೊರಗೂ ಬಾರದೆ, ಆಳದಲ್ಲೂ ನಿಲ್ಲದೆ.
ಅಂಚಿಗೆ ಬೆರಳಿಟ್ಟಳು, ನುಣುಪು:
ತಣ್ಣನೆಯ ಕಲ್ಲು ತಾಗಿ ಥಟ್ಟನೆ ಹೆಪ್ಪಾದದ್ದು.
ನಡುವಿಗೆ ಸರಿಸಿದಳು, ತರಿತರಿ.
ಒಂದೇ ಪಟ್ಟಿ, ಎರಡು ಹೊತ್ತು.
ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ
ಕುರುಡರು ಮುಖ ಓದುವಂತೆ ಸವರುತ್ತಲೇ ಇದ್ದಳು.
ನೀರು ಮೊಣಕಾಲಿಗೆ ಬಂತು, ಕೂಗಿ ಕರೆಯಬೇಕಾಯಿತು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ:
ವ್ಯತ್ಯಾಸ ಬರೆಯಿರಿ, ಐದು ಅಂಕ.
ಹತ್ತು ಉತ್ತರ ಪತ್ರಿಕೆಗಳಲ್ಲಿ ಎರಡು ಕಾಲಂ.
ಅವಳದರಲ್ಲಿ ಮೂರು. ಮೂರನೆಯದಕ್ಕೆ ತಲೆಬರಹವಿಲ್ಲ,
ಕೆಳಗೆ ಒಂದೇ ಸಾಲು:
ಮುಟ್ಟಿ ನೋಡಬೇಕು.

ನಾಲ್ಕೂವರೆ ಕೊಟ್ಟೆ.
ಆ ಅರ್ಧ ಯಾಕೆ ಹಿಡಿದೆನೋ,
ಇನ್ನೂ ತಣಿದಿಲ್ಲ.